ಭಾರತ–ಶ್ರೀಲಂಕಾ: ಒಪ್ಪಂದದ ಮೇಜಿನಲ್ಲಿ ಯಾರಿಗೆ ಜಾಗ ಸಿಗಲಿಲ್ಲ?

ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ಬೆಳಕು ಹರಿಯುವ ಮೊದಲೇ ಕೆಲಸ ಶುರುವಾಗುತ್ತದೆ. ತಂಪು ಹೊತ್ತಿನಲ್ಲೇ ತೊಗಟೆ ಕೆತ್ತಬೇಕು. ಬಿಸಿಲೇರಿದರೆ ಹಾಲು ಇಳಿಯುವುದು ಕಡಿಮೆಯಾಗುತ್ತದೆ. ಅರಣ್ಯ ಅಭಿವೃದ್ಧಿ ನಿಗಮದ ಈ ತೋಟಗಳಲ್ಲಿ ದುಡಿಯುವ ಬಹಳಷ್ಟು ಕುಟುಂಬಗಳ ಮನೆಮಾತು ತಮಿಳು. ಆದರೆ ಅವರ ಹಿರಿಯರು ತಮಿಳುನಾಡಿನಿಂದ ಕೆಲಸ ಹುಡುಕಿಕೊಂಡು ಬಂದವರಲ್ಲ. ಅವರು ಹುಟ್ಟಿ ಬೆಳೆದದ್ದು ಶ್ರೀಲಂಕಾದ ಟೀ ತೋಟಗಳಲ್ಲಿ. 1964ರಲ್ಲಿ ದೆಹಲಿಯಲ್ಲಿ ಇಬ್ಬರು ಪ್ರಧಾನಿಗಳು ಹಾಕಿದ ಸಹಿ ಅವರನ್ನು ಸಮುದ್ರ ದಾಟಿಸಿತು.

ಭಾರತ–ಶ್ರೀಲಂಕಾ ಸಂಬಂಧ ಅಂದರೆ ನಮ್ಮ ಸುದ್ದಿಗಳಲ್ಲಿ ಬರುವುದು ಮೂರ್ನಾಲ್ಕೇ ವಿಷಯ. ಮೀನುಗಾರರ ಬಂಧನ, ಕಚ್ಚತೀವು ದ್ವೀಪ, ಹಂಬಂಟೋಟ ಬಂದರಿನಲ್ಲಿ ಚೀನಾ, ಚುನಾವಣೆ ಹೊತ್ತಿನಲ್ಲಿ ಒಂದಿಷ್ಟು ಕೂಗಾಟ. ಬಿಡಿಬಿಡಿಯಾಗಿ ನೋಡಿದರೆ ಯಾವುದಕ್ಕೂ ತಲೆಬುಡ ಸಿಗುವುದಿಲ್ಲ. ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ದೆಹಲಿ ಮತ್ತು ಕೊಲಂಬೊ ಎಷ್ಟೋ ಸಲ ಒಪ್ಪಂದ ಮಾಡಿಕೊಂಡಿವೆ. ಯಾರ ಬದುಕಿನ ಮೇಲೆ ಆ ಒಪ್ಪಂದವೋ ಅವರನ್ನು ಮಾತ್ರ ಹೆಚ್ಚಿನ ಸಲ ಕೇಳಲೇ ಇಲ್ಲ. ಆ ಬಾಕಿಯನ್ನು ಎರಡೂ ದೇಶ ಇವತ್ತಿಗೂ ತೀರಿಸುತ್ತಿವೆ.

ಎರಡು ದೇಶದ ನಡುವಿನ ದೂರ ಎಷ್ಟು? ಧನುಷ್ಕೋಡಿಯಿಂದ ತಲೈಮನ್ನಾರ್‌ಗೆ ಸುಮಾರು 30 ಕಿಲೋಮೀಟರ್, ಅಷ್ಟೇ. ಒಂದು ಕಾಲದಲ್ಲಿ ಮದ್ರಾಸಿನಲ್ಲಿ ಬೋಟ್ ಮೇಲ್ ರೈಲು ಹತ್ತಿ, ಧನುಷ್ಕೋಡಿಯಲ್ಲಿ ಇಳಿದು, ಹಡಗಿನಲ್ಲಿ ತಲೈಮನ್ನಾರ್‌ಗೆ ದಾಟಿ, ಅಲ್ಲಿಂದ ಮತ್ತೆ ರೈಲಿನಲ್ಲಿ ಕೊಲಂಬೊ ಸೇರಬಹುದಿತ್ತು. 1964ರ ಡಿಸೆಂಬರ್‌ನ ಚಂಡಮಾರುತ ಧನುಷ್ಕೋಡಿಯನ್ನು ಹಾಳುಗೆಡವಿತು. ಆಮೇಲೆ ಹಡಗು ರಾಮೇಶ್ವರದಿಂದ ಓಡಿತು. 1980ರ ದಶಕದಲ್ಲಿ ಲಂಕಾ ಸರ್ಕಾರಕ್ಕೂ ತಮಿಳು ಉಗ್ರರಿಗೂ ಯುದ್ಧ ಶುರುವಾದ ಮೇಲೆ ಅದೂ ನಿಂತಿತು. ಇಷ್ಟು ಹತ್ತಿರ ಇರುವವರ ನಡುವೆ ವಿದೇಶಾಂಗ ನೀತಿ ಅನ್ನುವುದು ರಾಯಭಾರಿಗಳ ಕೆಲಸವಾಗಿ ಮಾತ್ರ ಉಳಿಯುವುದಿಲ್ಲ. ಅದು ಮನೆಮನೆಯ ವಿಷಯವಾಗಿಬಿಡುತ್ತದೆ.

ಟೀ ತೋಟದ ಜನರ ಲೆಕ್ಕ

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಶ್ರೀಲಂಕಾದಲ್ಲಿ ತಮಿಳರು ಅಂದರೆ ಒಂದೇ ಗುಂಪಲ್ಲ. ಜಾಫ್ನಾ, ತ್ರಿಂಕೋಮಲಿ, ಬಟ್ಟಿಕಲೋವ ಕಡೆ ಇರುವವರು ಶತಮಾನಗಳಿಂದ ಅಲ್ಲಿಯೇ ಇದ್ದವರು. ನುವಾರ ಎಲಿಯ, ಹ್ಯಾಟನ್ ಕಡೆಯ ಬೆಟ್ಟಗಳಲ್ಲಿರುವ ತಮಿಳರು ಬೇರೆ. ಬ್ರಿಟಿಷರು 19ನೇ ಶತಮಾನದಲ್ಲಿ ಮೊದಲು ಕಾಫಿಗೆ, ಕಾಫಿಗೆ ರೋಗ ಬಿದ್ದ ಮೇಲೆ ಟೀಗೆ ಅಂತ ತಮಿಳು ಜಿಲ್ಲೆಗಳಿಂದ ಕರೆದುಕೊಂಡು ಹೋದ ಕೂಲಿಗಳ ಮಕ್ಕಳು, ಮೊಮ್ಮಕ್ಕಳು ಇವರು. ಮನ್ನಾರ್ ತೀರದಲ್ಲಿ ಇಳಿಸಿ ಕಾಡಿನ ದಾರಿಯಲ್ಲಿ ಬೆಟ್ಟಕ್ಕೆ ನಡೆಸಿದರು. ದಾರಿಯಲ್ಲೇ ಸತ್ತವರು ಬಹಳ ಮಂದಿ.

ಶ್ರೀಲಂಕಾಕ್ಕೆ ಸ್ವಾತಂತ್ರ್ಯ ಬಂದದ್ದು 1948ರ ಫೆಬ್ರವರಿ 4ರಂದು. ಅದಕ್ಕೂ ಹಿಂದಿನ ವರ್ಷದ ಚುನಾವಣೆಯಲ್ಲಿ ಈ ತೋಟದ ಜನ ಮತ ಹಾಕಿದ್ದರು, ತಮ್ಮ ಕಡೆಯ 7 ಮಂದಿಯನ್ನು ಸಂಸತ್ತಿಗೆ ಕಳಿಸಿದ್ದರು. ಸ್ವಾತಂತ್ರ್ಯ ಬಂದ ವರ್ಷವೇ ಹೊಸ ಪೌರತ್ವ ಕಾಯ್ದೆ ಬಂತು. ಅಪ್ಪ, ಇಲ್ಲವೇ ಅಜ್ಜ ಮತ್ತು ಮುತ್ತಜ್ಜ ಇದೇ ನೆಲದಲ್ಲಿ ಹುಟ್ಟಿದ್ದಕ್ಕೆ ಪುರಾವೆ ತೋರಿಸಿ ಅಂದಿತು. ತೋಟದ ಲೈನ್ ಮನೆಯಲ್ಲಿ ಹುಟ್ಟಿದ ಕೂಲಿಯ ಹತ್ತಿರ ಮುತ್ತಜ್ಜನ ಜನನ ದಾಖಲೆ ಎಲ್ಲಿಂದ ಬರಬೇಕು? ಸುಮಾರು 7 ಲಕ್ಷ ಜನ ಯಾವ ದೇಶಕ್ಕೂ ಸೇರದವರಾದರು. ಮರುವರ್ಷ ಮತದ ಹಕ್ಕೂ ಹೋಯಿತು.

ನೆಹರೂ ಅವರ ನಿಲುವು ಗಟ್ಟಿಯಾಗಿತ್ತು. ಅಲ್ಲಿ ಹುಟ್ಟಿ ಅಲ್ಲೇ ದುಡಿದವರು ಆ ದೇಶದವರು, ಅವರನ್ನು ತಂತಾನೇ ಭಾರತದವರು ಅನ್ನಲು ಆಗುವುದಿಲ್ಲ ಅನ್ನುವುದು ಅವರ ವಾದ. 1954ರಲ್ಲಿ ಲಂಕಾದ ಪ್ರಧಾನಿ ಕೊತಲಾವಲ ಜೊತೆ ಒಂದು ಒಪ್ಪಂದ ಆಯಿತು, ನಡೆಯಲಿಲ್ಲ. 1962ರ ಚೀನಾ ಯುದ್ಧದ ನಂತರ ಭಾರತಕ್ಕೆ ನೆರೆಯಲ್ಲಿ ಸ್ನೇಹಿತರು ಬೇಕಿತ್ತು. 1964ರಲ್ಲಿ ನೆಹರೂ ತೀರಿಕೊಂಡರು. ಐದು ತಿಂಗಳಲ್ಲೇ, ಅಕ್ಟೋಬರ್ 30ರಂದು, ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಒಂದು ಹಂಚಿಕೆಗೆ ಒಪ್ಪಿದರು.

ಆ ಹಂಚಿಕೆ ಹೀಗಿತ್ತು. ಒಟ್ಟು 9,75,000 ಜನ. ಅದರಲ್ಲಿ 5,25,000 ಜನ ಭಾರತಕ್ಕೆ, 3,00,000 ಜನ ಲಂಕಾಕ್ಕೆ. ಉಳಿದ 1,50,000 ಜನರ ವಿಷಯ ಆಮೇಲೆ ನೋಡೋಣ ಅಂದರು. ಹತ್ತು ವರ್ಷದ ನಂತರ ಇಂದಿರಾ ಗಾಂಧಿ ಮತ್ತು ಸಿರಿಮಾವೊ ಅದನ್ನೂ 75,000ದಂತೆ ಸಮ ಹಂಚಿದರು. ಇದನ್ನು ಓದುವಾಗ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ. ಇವರು ಮನುಷ್ಯರು. ಯಾರು ಯಾವ ದೇಶದವರು ಅನ್ನುವುದನ್ನು ಮೊದಲೇ ಗೊತ್ತು ಮಾಡಿದ ಕೋಟಾಕ್ಕೆ ಸರಿಯಾಗಿ ಹೊಂದಿಸಿದರು. ಅಲ್ಲೇ ಉಳಿಯುತ್ತೇವೆ ಎಂದು ಅರ್ಜಿ ಹಾಕಿದವರು ಲಂಕಾ ಒಪ್ಪಿದ 3 ಲಕ್ಷಕ್ಕಿಂತ ಎಷ್ಟೋ ಜಾಸ್ತಿ ಇದ್ದರು.

ಹಾಗೆ ಹಡಗು ಹತ್ತಿ ಬಂದವರು ಮೊದಲು ಮಂಡಪಂ ಶಿಬಿರದಲ್ಲಿ ಇಳಿದರು. ಅಲ್ಲಿಂದ ಒಂದಷ್ಟು ಜನ ನೀಲಗಿರಿಯ ಟೀ ತೋಟಗಳಿಗೆ ಹೋದರು, ಒಂದಷ್ಟು ಜನ ಕೇರಳ, ಆಂಧ್ರಕ್ಕೆ, ಒಂದಷ್ಟು ಜನ ನಮ್ಮ ಸುಳ್ಯ–ಪುತ್ತೂರಿಗೆ. ಟೀ ಚಿಗುರು ಕೀಳುತ್ತಿದ್ದ ಕೈಗಳು ರಬ್ಬರ್ ಕತ್ತಿ ಹಿಡಿದವು. 1980ರ ದಶಕದಲ್ಲಿ ಯುದ್ಧ ಬಂದು ಹಡಗು ನಿಂತಾಗ, ಭಾರತದ ಪೌರತ್ವದ ಕಾಗದ ಕೈಯಲ್ಲಿದ್ದವರೂ ಅಲ್ಲೇ ಸಿಕ್ಕಿಹಾಕಿಕೊಂಡರು. ಕೊನೆಗೆ 2003ರಲ್ಲಿ ಲಂಕಾದ ಸಂಸತ್ತು ಒಂದು ಕಾಯ್ದೆ ಮಾಡಿ ಉಳಿದವರಿಗೆಲ್ಲ ಪೌರತ್ವ ಕೊಟ್ಟಿತು. 1948ರಲ್ಲಿ ಕಿತ್ತುಕೊಂಡದ್ದನ್ನು ಹಿಂದಿರುಗಿಸಲು 55 ವರ್ಷ ಹಿಡಿಯಿತು.

ಜಾಫ್ನಾದ ಆಕಾಶದಲ್ಲಿ ಬೆಂಗಳೂರಿನ ವಿಮಾನ

ಜಾಫ್ನಾ ಕಡೆಯ ತಮಿಳರ ಕತೆ ಬೇರೆ ದಾರಿ ಹಿಡಿಯಿತು. 1956ರಲ್ಲಿ ಸಿಂಹಳ ಒಂದೇ ಆಡಳಿತ ಭಾಷೆ ಎಂಬ ಕಾಯ್ದೆ ಬಂತು. ಸರ್ಕಾರಿ ನೌಕರಿಯಲ್ಲಿದ್ದ ತಮಿಳರಿಗೆ ಬಾಗಿಲು ಮುಚ್ಚುತ್ತಾ ಹೋಯಿತು. 1970ರ ದಶಕದಲ್ಲಿ ವಿಶ್ವವಿದ್ಯಾಲಯ ಸೇರಲು ತಮಿಳು ಹುಡುಗರು ಹೆಚ್ಚು ಅಂಕ ತೆಗೆಯಬೇಕಾದ ವ್ಯವಸ್ಥೆ ಬಂತು. 1981ರಲ್ಲಿ ಜಾಫ್ನಾದ ಸಾರ್ವಜನಿಕ ಗ್ರಂಥಾಲಯವನ್ನು ಸುಟ್ಟರು. ಸುಮಾರು 97,000 ಪುಸ್ತಕಗಳು, ಎಷ್ಟೋ ಓಲೆಗರಿಗಳು ಬೂದಿಯಾದವು. 1983ರ ಜುಲೈ 23ರಂದು ಜಾಫ್ನಾದಲ್ಲಿ ತಮಿಳು ಉಗ್ರರ ಸಂಘಟನೆ ಎಲ್‌ಟಿಟಿಇ 13 ಸೈನಿಕರನ್ನು ಕೊಂದಿತು. ಮರುದಿನದಿಂದ ಕೊಲಂಬೊದಲ್ಲಿ ತಮಿಳರ ಮನೆ, ಅಂಗಡಿಗಳಿಗೆ ಬೆಂಕಿ ಬಿತ್ತು. ಕಪ್ಪು ಜುಲೈ ಅಂತ ಅದನ್ನು ಕರೆಯುತ್ತಾರೆ. ಸಾವಿರಾರು ಜನ ದೋಣಿ ಹತ್ತಿ ತಮಿಳುನಾಡಿಗೆ ಬಂದರು.

ದೆಹಲಿ ಆಗ ಎರಡು ಕೆಲಸವನ್ನು ಒಟ್ಟಿಗೆ ಮಾಡಿತು. ಒಂದು ಕಡೆ ರಾಜತಾಂತ್ರಿಕ ಜಿ. ಪಾರ್ಥಸಾರಥಿ ಅವರನ್ನು ಕಳಿಸಿ ಸಂಧಾನ. ಇನ್ನೊಂದು ಕಡೆ ತಮಿಳು ಉಗ್ರ ಗುಂಪುಗಳಿಗೆ ಗುಟ್ಟಾಗಿ ತರಬೇತಿ, ಆಯುಧ. ಲಂಕಾದ ಅಧ್ಯಕ್ಷ ಜಯವರ್ಧನೆ ಅವರ ಸರ್ಕಾರ ಅಮೆರಿಕ, ಇಸ್ರೇಲ್, ಪಾಕಿಸ್ತಾನದ ಕಡೆ ವಾಲುತ್ತಿದೆ, ಅದಕ್ಕೆ ಒತ್ತಡ ಹಾಕಬೇಕು ಅನ್ನುವುದು ಇಂದಿರಾ ಸರ್ಕಾರದ ಲೆಕ್ಕಾಚಾರ. ನನ್ನ ಪ್ರಕಾರ ಇಡೀ ಸಂಬಂಧದಲ್ಲಿ ಭಾರತ ಮಾಡಿದ ಅತಿ ದೊಡ್ಡ ತಪ್ಪು ಇದು. ಬಂದೂಕು ಕೊಟ್ಟವರು ಅದರ ಗುರಿಯನ್ನು ಹಿಡಿತದಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ.

1987ರ ಬೇಸಿಗೆಯಲ್ಲಿ ಲಂಕಾ ಸೇನೆ ಜಾಫ್ನಾ ಪರ್ಯಾಯದ್ವೀಪದ ವಡಮರಾಚ್ಚಿ ಮೇಲೆ ದೊಡ್ಡ ದಾಳಿ ಮಾಡಿತು. ಭಾರತ ಜೂನ್ 3ರಂದು ಆಹಾರ ಪದಾರ್ಥ ತುಂಬಿದ ದೋಣಿಗಳನ್ನು ಕಳಿಸಿತು. ಲಂಕಾ ನೌಕಾಪಡೆ ವಾಪಸ್ ಕಳಿಸಿತು. ಮರುದಿನ ಐದು ಎಎನ್-32 ವಿಮಾನಗಳು ಬೆಂಗಳೂರಿನಿಂದ ಹಾರಿದವು. ಮಿರಾಜ್ ಯುದ್ಧವಿಮಾನಗಳ ಕಾವಲಿನಲ್ಲಿ ಹೋಗಿ ಜಾಫ್ನಾ ಮೇಲೆ ಸುಮಾರು 25 ಟನ್ ಸಾಮಾನು ಇಳಿಸಿ ಬಂದವು. ಇದಕ್ಕೆ ಆಪರೇಷನ್ ಪೂಮಾಲೈ ಎಂದು ಹೆಸರು. 25 ಟನ್ ಅಕ್ಕಿ–ಬೇಳೆಯಿಂದ ಜಾಫ್ನಾದ ಹೊಟ್ಟೆ ತುಂಬುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಅನುಮತಿ ಇಲ್ಲದೆ ಇನ್ನೊಂದು ದೇಶದ ಆಕಾಶಕ್ಕೆ ನುಗ್ಗಬಲ್ಲೆವು ಎಂದು ತೋರಿಸುವುದೇ ಉದ್ದೇಶವಾಗಿತ್ತು. ಅದು ಕೊಲಂಬೊಗೆ ಅರ್ಥವಾಯಿತು.

ಎರಡು ತಿಂಗಳೊಳಗೆ, ಜುಲೈ 29ರಂದು, ರಾಜೀವ್ ಗಾಂಧಿ ಮತ್ತು ಜಯವರ್ಧನೆ ಕೊಲಂಬೊದಲ್ಲಿ ಸಹಿ ಹಾಕಿದರು. ಆವತ್ತು ಕೊಲಂಬೊದಲ್ಲಿ ಕರ್ಫ್ಯೂ. ಮರುದಿನ ಗೌರವ ವಂದನೆ ಸ್ವೀಕರಿಸುತ್ತಿದ್ದ ರಾಜೀವ್ ಮೇಲೆ ಸಾಲಿನಲ್ಲಿ ನಿಂತಿದ್ದ ಲಂಕಾದ ನಾವಿಕನೊಬ್ಬ ಬಂದೂಕಿನ ಹಿಡಿಯಿಂದ ಹೊಡೆದ. ಅವರು ಬಗ್ಗಿದ್ದರಿಂದ ತಲೆಗೆ ಬೀಳಬೇಕಾದ ಏಟು ಹೆಗಲಿಗೆ ಬಿತ್ತು.

ಒಪ್ಪಂದದ ಸಾರ ಇಷ್ಟು. ಲಂಕಾ ತನ್ನ ಪ್ರಾಂತಗಳಿಗೆ ಅಧಿಕಾರ ಹಂಚುತ್ತದೆ. ತಮಿಳೂ ಆಡಳಿತ ಭಾಷೆಯಾಗುತ್ತದೆ. ಉಗ್ರರು ಆಯುಧ ಕೆಳಗಿಡುತ್ತಾರೆ. ಇದಕ್ಕೆಲ್ಲ ಭಾರತ ಹೊಣೆ. ಜೊತೆಗೆ ಇಬ್ಬರು ನಾಯಕರು ಪತ್ರಗಳನ್ನೂ ಬದಲಾಯಿಸಿಕೊಂಡರು. ತ್ರಿಂಕೋಮಲಿ ಆಗಲಿ, ಬೇರೆ ಬಂದರಾಗಲಿ ಭಾರತಕ್ಕೆ ತೊಂದರೆ ಆಗುವಂತೆ ಯಾವ ದೇಶದ ಸೇನೆಗೂ ಸಿಗಬಾರದು, ಅಲ್ಲಿಯ ಎಣ್ಣೆ ಟ್ಯಾಂಕುಗಳನ್ನು ಎರಡೂ ದೇಶ ಸೇರಿ ನೋಡಿಕೊಳ್ಳಬೇಕು ಎಂದು ಅವುಗಳಲ್ಲಿತ್ತು. ಈ ಪತ್ರಗಳನ್ನು ಓದಿದರೆ ದೆಹಲಿಗೆ ನಿಜವಾಗಿ ಏನು ಬೇಕಿತ್ತು ಅನ್ನುವುದು ಗೊತ್ತಾಗುತ್ತದೆ.

ಸಹಿ ಹಾಕಿದವರು ಎರಡು ಸರ್ಕಾರ. ಜಗಳ ಇದ್ದದ್ದು ಲಂಕಾ ಸರ್ಕಾರಕ್ಕೂ ತಮಿಳರಿಗೂ. ತಮಿಳರ ಕಡೆಯಿಂದ ಸಹಿ ಹಾಕಿದವರು ಯಾರೂ ಇಲ್ಲ. ಎಲ್‌ಟಿಟಿಇ ಒಲ್ಲದ ಮನಸ್ಸಿನಿಂದ ಒಂದಷ್ಟು ಆಯುಧ ಒಪ್ಪಿಸಿತು, ಅಕ್ಟೋಬರ್ ಹೊತ್ತಿಗೆ ಭಾರತದ ಶಾಂತಿಪಾಲನಾ ಪಡೆಯ ಮೇಲೇ ತಿರುಗಿಬಿತ್ತು. ಕಾಪಾಡಲು ಹೋದ ಸೇನೆ ಜಾಫ್ನಾದ ಬೀದಿಗಳಲ್ಲಿ ಯುದ್ಧ ಮಾಡಬೇಕಾಯಿತು. ಅದೇ ತಿಂಗಳು ಜಾಫ್ನಾ ಆಸ್ಪತ್ರೆಗೆ ನುಗ್ಗಿದ ಭಾರತೀಯ ಸೈನಿಕರ ಗುಂಡಿಗೆ ರೋಗಿಗಳು, ವೈದ್ಯರು, ನರ್ಸುಗಳು ಸೇರಿ 60ಕ್ಕೂ ಹೆಚ್ಚು ಜನ ಸತ್ತರು. ನಮ್ಮಲ್ಲಿ ಇದನ್ನು ಯಾರೂ ನೆನೆಯುವುದಿಲ್ಲ, ಜಾಫ್ನಾ ಮರೆತಿಲ್ಲ. ದಕ್ಷಿಣದಲ್ಲಿ ಸಿಂಹಳ ಯುವಕರ ಪಕ್ಷ ಜೆವಿಪಿ ಈ ಒಪ್ಪಂದವನ್ನೇ ಎದುರಿಸಿ ದಂಗೆ ಎದ್ದಿತು. ಭಾರತದ ಸರಕು ಮಾರಬೇಡಿ ಎಂದು ಅಂಗಡಿಯವರಿಗೆ ಬೆದರಿಕೆ ಹಾಕಿತು. ಹೊಸ ಅಧ್ಯಕ್ಷ ಪ್ರೇಮದಾಸ ಭಾರತದ ಸೇನೆ ಹೊರಡಲಿ ಅಂದರು. 1990ರ ಮಾರ್ಚ್ 24ರಂದು ಕೊನೆಯ ತುಕಡಿ ತ್ರಿಂಕೋಮಲಿ ಬಿಟ್ಟಿತು. ಅಷ್ಟರಲ್ಲಿ ಸುಮಾರು 1,200 ಭಾರತೀಯ ಸೈನಿಕರು ಸತ್ತಿದ್ದರು. ಮದ್ರಾಸಿಗೆ ಬಂದಿಳಿದ ಪಡೆಯನ್ನು ಸ್ವಾಗತಿಸಲು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. 1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ಎಲ್‌ಟಿಟಿಇ ರಾಜೀವ್ ಗಾಂಧಿಯವರನ್ನು ಕೊಂದಿತು. ಮುಂದಿನ ವರ್ಷ ಭಾರತ ಆ ಸಂಘಟನೆಯನ್ನು ನಿಷೇಧಿಸಿತು.

ಈ ಒಪ್ಪಂದದಿಂದ ಉಳಿದದ್ದು ಲಂಕಾ ಸಂವಿಧಾನದ 13ನೇ ತಿದ್ದುಪಡಿ. ಪ್ರಾಂತೀಯ ಮಂಡಳಿಗಳು ಬಂದದ್ದು ಅದರಿಂದ. ಲಂಕಾದ ನಾಯಕರು ದೆಹಲಿಗೆ ಬಂದಾಗಲೆಲ್ಲ ಭಾರತ ಇದರ ಮಾತು ಎತ್ತುತ್ತದೆ. ಕಾಗದದ ಮೇಲೆ ಭೂಮಿ ಮತ್ತು ಪೊಲೀಸ್ ಅಧಿಕಾರ ಪ್ರಾಂತಗಳಿಗೆ ಇದೆ, ಕೈಗೆ ಬಂದಿಲ್ಲ. ಉತ್ತರ ಮತ್ತು ಪೂರ್ವ ಪ್ರಾಂತಗಳನ್ನು ಒಂದು ಮಾಡಿದ್ದನ್ನು 2006ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಉತ್ತರ ಪ್ರಾಂತದ ಮಂಡಳಿಗೆ ಕೊನೆಯ ಚುನಾವಣೆ ನಡೆದದ್ದು 2013ರಲ್ಲಿ. ಅದರ ಅವಧಿ ಮುಗಿದ ಮೇಲೆ ಆಡಳಿತ ಕೊಲಂಬೊ ನೇಮಿಸಿದ ರಾಜ್ಯಪಾಲರ ಕೈಯಲ್ಲಿದೆ.

2009ರ ಮೇ ತಿಂಗಳಲ್ಲಿ ಯುದ್ಧ ಮುಗಿಯಿತು, ಕೊನೆಯ ವಾರಗಳಲ್ಲಿ ಸಾವಿರಾರು ನಾಗರಿಕರು ಸತ್ತರು. ಆಮೇಲೆ ಭಾರತ ಉತ್ತರ, ಪೂರ್ವ ಮತ್ತು ಟೀ ತೋಟಗಳಲ್ಲಿ 50,000 ಮನೆ ಕಟ್ಟಿಕೊಡುವ ಯೋಜನೆ ಹಾಕಿತು. ಯುದ್ಧದಲ್ಲಿ ಕಿತ್ತುಹೋಗಿದ್ದ ರೈಲು ಹಳಿ ಮತ್ತೆ ಹಾಕಿತು. ಮನೆ ಯೋಜನೆಯಲ್ಲಿ ಒಳ್ಳೆಯ ಅಂಶ ಒಂದಿತ್ತು. ಹೆಚ್ಚಿನ ಕಡೆ ದುಡ್ಡು ನೇರ ಮನೆಯವರ ಖಾತೆಗೆ ಹೋಯಿತು, ಅವರೇ ಮುಂದೆ ನಿಂತು ಕಟ್ಟಿಸಿಕೊಂಡರು. ಒಪ್ಪಂದಗಳಿಗಿಂತ ಆ ಮನೆಗಳೇ ಅಲ್ಲಿ ಭಾರತಕ್ಕೆ ಹೆಚ್ಚು ಒಳ್ಳೆಯ ಹೆಸರು ತಂದವು ಅಂತ ನನಗನ್ನಿಸುತ್ತದೆ. ಜಿನೀವಾದ ಮಾನವ ಹಕ್ಕು ಮಂಡಳಿಯಲ್ಲಿ ಮಾತ್ರ ನಿಲುವು ಓಲಾಡಿತು. 2012 ಮತ್ತು 2013ರಲ್ಲಿ ಲಂಕಾ ವಿರುದ್ಧದ ನಿರ್ಣಯಕ್ಕೆ ಭಾರತ ಮತ ಹಾಕಿತು, 2014ರಲ್ಲಿ ಮತದಿಂದ ದೂರ ಉಳಿಯಿತು. ಈ ವಿಷಯಕ್ಕೇ 2013ರಲ್ಲಿ ಡಿಎಂಕೆ ಕೇಂದ್ರ ಸರ್ಕಾರದಿಂದ ಹೊರಬಂದಿತ್ತು.

ಬಂದರು, ಎಣ್ಣೆ, ಸಾಲ

ಚೀನಾ ವಿಷಯವನ್ನು ನಮ್ಮ ಟಿವಿ ಚರ್ಚೆಗಳು ಬೇಕಾದ್ದಕ್ಕಿಂತ ದೊಡ್ಡದು ಮಾಡುತ್ತವೆ. ಹಾಗಂತ ಸುಮ್ನೆ ತಳ್ಳಿಹಾಕುವಂಥದ್ದೂ ಅಲ್ಲ. ಹಂಬಂಟೋಟ ಬಂದರನ್ನು ಚೀನಾದ ಸಾಲದಲ್ಲಿ ಕಟ್ಟಿದರು. 2017ರಲ್ಲಿ ಅದನ್ನು ಚೀನಾದ ಕಂಪನಿಗೆ 99 ವರ್ಷಕ್ಕೆ ಗುತ್ತಿಗೆ ಕೊಟ್ಟರು. 2014ರಲ್ಲಿ ಚೀನಾದ ಜಲಾಂತರ್ಗಾಮಿ ಕೊಲಂಬೊದಲ್ಲಿ ಲಂಗರು ಹಾಕಿತ್ತು. 2022ರ ಆಗಸ್ಟ್‌ನಲ್ಲಿ ಯುವಾನ್ ವಾಂಗ್ 5 ಎಂಬ ಹಡಗು, ಭಾರತ ಬೇಡ ಅಂದರೂ, ಹಂಬಂಟೋಟಕ್ಕೆ ಬಂತು. ಉಪಗ್ರಹ, ಕ್ಷಿಪಣಿಗಳ ಜಾಡು ಹಿಡಿಯಬಲ್ಲ ಹಡಗು ಅದು. ದಕ್ಷಿಣ ಭಾರತದ ತೀರಕ್ಕೆ ಅಷ್ಟು ಹತ್ತಿರ ಬಂದರೆ ದೆಹಲಿಗೆ ಕಳವಳ ಆಗುವುದು ಸಹಜ ಅಲ್ವಾ?

ಕೊಲಂಬೊ ಬಂದರಿನ ಪೂರ್ವ ಟರ್ಮಿನಲ್ ಕಟ್ಟಲು 2019ರಲ್ಲಿ ಭಾರತ, ಜಪಾನ್ ಜೊತೆ ಮಾತಾಗಿತ್ತು. ಬಂದರು ಕಾರ್ಮಿಕರು ವಿರೋಧಿಸಿದರು, 2021ರಲ್ಲಿ ಅದನ್ನು ಕೈಬಿಟ್ಟರು. ಬದಲಿಗೆ ಪಶ್ಚಿಮ ಟರ್ಮಿನಲ್ ಅದಾನಿ ಕಂಪನಿಗೆ ಸಿಕ್ಕಿತು. ತ್ರಿಂಕೋಮಲಿಯ ಎಣ್ಣೆ ಟ್ಯಾಂಕುಗಳ ಕತೆ ಇನ್ನೂ ಉದ್ದ. ಬ್ರಿಟಿಷರು ಎರಡನೇ ಮಹಾಯುದ್ಧದ ಹೊತ್ತಿಗೆ ಕಟ್ಟಿದ ಟ್ಯಾಂಕುಗಳಲ್ಲಿ 99 ಉಳಿದಿವೆ. 1987ರ ಪತ್ರಗಳಲ್ಲಿ ಮಾತಾಡಿದ್ದು ಪೂರ್ತಿ ಒಪ್ಪಂದದ ರೂಪಕ್ಕೆ ಬಂದದ್ದು 2022ರ ಜನವರಿಯಲ್ಲಿ. ಭಾರತದ ಐಒಸಿ ಅಂಗಸಂಸ್ಥೆಗೆ 14, ಲಂಕಾದ ಪೆಟ್ರೋಲಿಯಂ ನಿಗಮಕ್ಕೆ 24, ಇಬ್ಬರೂ ಸೇರಿದ ಕಂಪನಿಗೆ 61.

ಅದೇ ವರ್ಷ ಲಂಕಾದ ಖಜಾನೆ ಬರಿದಾಯಿತು. ಡೀಸೆಲ್ ಇಲ್ಲ, ಅಡುಗೆ ಅನಿಲ ಇಲ್ಲ, ಆಸ್ಪತ್ರೆಗಳಲ್ಲಿ ಔಷಧಿ ಇಲ್ಲ. ಏಪ್ರಿಲ್‌ನಲ್ಲಿ ಸರ್ಕಾರ ವಿದೇಶಿ ಸಾಲ ಕಟ್ಟಲಾಗದು ಎಂದು ಕೈಚೆಲ್ಲಿತು. ಜುಲೈ 9ರಂದು ಜನ ಅಧ್ಯಕ್ಷರ ಮನೆಗೇ ನುಗ್ಗಿದರು, ಗೋಟಬಯ ರಾಜಪಕ್ಸ ದೇಶ ಬಿಟ್ಟರು. ಭಾರತ ಆ ವರ್ಷ ಕೊಟ್ಟ ನೆರವು ಸುಮಾರು 400 ಕೋಟಿ ಡಾಲರ್. ಆಹಾರ, ಔಷಧಿಗೆ 100 ಕೋಟಿ ಡಾಲರ್ ಸಾಲ, ಇಂಧನಕ್ಕೆ 50 ಕೋಟಿ, ಕರೆನ್ಸಿ ವಿನಿಮಯದಲ್ಲಿ 40 ಕೋಟಿ, ಹಳೆಯ ಬಾಕಿ ತೀರಿಸಲು ಹೆಚ್ಚಿನ ಗಡುವು ಹೀಗೆ. ಐಎಂಎಫ್ ನೆರವು ಸಿಗಬೇಕಾದರೆ ಸಾಲ ಕೊಟ್ಟ ದೇಶಗಳ ಭರವಸೆ ಬೇಕಿತ್ತು. ಅದನ್ನು ಮೊದಲು ಕೊಟ್ಟದ್ದೂ ಭಾರತವೇ. ಎಣ್ಣೆ ಹಡಗು ಬಂದಾಗ ಸರದಿಯಲ್ಲಿ ನಿಂತ ಆಟೋ ಚಾಲಕನಿಗೆ ಅದು ಯಾವ ದೇಶದ್ದು ಅಂತ ಗೊತ್ತಿತ್ತು. ಸರ್ಕಾರದಿಂದ ಸರ್ಕಾರಕ್ಕೆ ಹೋದರೂ ಜನರಿಗೆ ತಲುಪಿದ ನೆರವು ಅದು.

ಅದರ ಫಲ ಎದ್ದು ಕಾಣುತ್ತಿದೆ. ಒಂದು ಕಾಲದಲ್ಲಿ ಭಾರತದ ವಿಸ್ತರಣಾವಾದದ ಬಗ್ಗೆ ತನ್ನ ಕಾರ್ಯಕರ್ತರಿಗೆ ಪಾಠ ಹೇಳುತ್ತಿದ್ದ ಜೆವಿಪಿಯ ನಾಯಕ ಅನುರ ಕುಮಾರ ದಿಸಾನಾಯಕೆ 2024ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರಾದರು. ಮೊದಲ ವಿದೇಶ ಪ್ರವಾಸಕ್ಕೆ ಅವರು ಬಂದದ್ದು ದೆಹಲಿಗೆ. 2025ರ ಏಪ್ರಿಲ್‌ನಲ್ಲಿ ಮೋದಿ ಕೊಲಂಬೊಗೆ ಹೋದಾಗ ರಕ್ಷಣಾ ಸಹಕಾರದ ಒಪ್ಪಂದಕ್ಕೂ ಸಹಿ ಬಿತ್ತು. ಆದರೆ ಅದರಲ್ಲಿ ಏನಿದೆ ಎಂದು ಪ್ರಕಟಿಸಿ ಅಂತ ಲಂಕಾದ ವಿರೋಧ ಪಕ್ಷಗಳು ಕೇಳಬೇಕಾಗಿ ಬಂತು.

ದ್ವೀಪಕ್ಕಿಂತ ಮೀನು ಮುಖ್ಯ

ಈಗ ಸಮುದ್ರಕ್ಕೆ ಬರೋಣ. ಮುಗಿಯದ ಜಗಳ ಇರುವುದು ಅಲ್ಲಿ. ಕಚ್ಚತೀವು ಸುಮಾರು 285 ಎಕರೆಯ ದ್ವೀಪ. ಕುಡಿಯುವ ನೀರಿಲ್ಲ, ಊರಿಲ್ಲ. ಸಂತ ಅಂತೋಣಿಯ ಚರ್ಚ್ ಒಂದಿದೆ. ವರ್ಷಕ್ಕೊಮ್ಮೆ ಹಬ್ಬಕ್ಕೆ ಎರಡೂ ತೀರದ ಮೀನುಗಾರರು ಸೇರುತ್ತಾರೆ. ರಾಮನಾಡಿನ ಸೇತುಪತಿ ರಾಜರ ಜಮೀನ್ದಾರಿಗೆ ಸೇರಿದ್ದು ಎಂಬ ವಾದ ಭಾರತದ ಕಡೆ ಇತ್ತು. 1974ರ ಜೂನ್‌ನಲ್ಲಿ ಇಂದಿರಾ ಮತ್ತು ಸಿರಿಮಾವೊ ಕಡಲ ಗಡಿ ಎಳೆದಾಗ ದ್ವೀಪ ಲಂಕಾದ ಕಡೆಗೆ ಬಂತು. ಭಾರತದ ಮೀನುಗಾರರು ಮತ್ತು ಭಕ್ತರು ವೀಸಾ ಇಲ್ಲದೆ ಅಲ್ಲಿಗೆ ಹೋಗಬಹುದು ಅಂತ ಬರೆದರು. 1976ರ ಪತ್ರಗಳಲ್ಲಿ ಒಬ್ಬರ ನೀರಿನಲ್ಲಿ ಇನ್ನೊಬ್ಬರು ಮೀನು ಹಿಡಿಯುವಂತಿಲ್ಲ ಎಂದಾಯಿತು. ಕನ್ಯಾಕುಮಾರಿ ಬಳಿಯ ವೆಡ್ಜ್ ಬ್ಯಾಂಕ್ ಎಂಬ ಒಳ್ಳೆಯ ಮೀನಿನ ಜಾಗ ಭಾರತಕ್ಕೆ ಸಿಕ್ಕಿತು.

ನೆಲ ಬಿಟ್ಟುಕೊಡಬೇಕಾದರೆ ಸಂವಿಧಾನ ತಿದ್ದುಪಡಿ ಬೇಕು ಎಂದು ಸುಪ್ರೀಂ ಕೋರ್ಟ್ 1960ರ ಬೇರುಬಾರಿ ಪ್ರಕರಣದಲ್ಲಿ ಹೇಳಿತ್ತು. ಕೇಂದ್ರ ಸರ್ಕಾರ ಮಾತ್ರ, ಇದು ಬಿಟ್ಟುಕೊಟ್ಟದ್ದಲ್ಲ, ಗಡಿಯೇ ಗುರುತಾಗಿರದ ಜಾಗ ಅನ್ನುತ್ತಾ ಬಂದಿದೆ. 2015ರಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ವಿದೇಶಾಂಗ ಇಲಾಖೆ ಕೊಟ್ಟ ಉತ್ತರವೂ ಅದೇ. 2008ರಲ್ಲಿ ಜಯಲಲಿತಾ ಕೋರ್ಟಿಗೆ ಹೋದರು. 2024ರ ಲೋಕಸಭೆ ಚುನಾವಣೆಯಲ್ಲಿ ಪ್ರಧಾನಿಯೇ ಇದನ್ನು ಎತ್ತಿದರು. 2025ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ದಿಸಾನಾಯಕೆ ದೋಣಿಯಲ್ಲಿ ಹೋಗಿ ಕಚ್ಚತೀವಿನಲ್ಲಿ ನಿಂತು ಬಂದರು.

ಇಷ್ಟೆಲ್ಲ ಗದ್ದಲದಲ್ಲಿ ಒಂದು ಸತ್ಯ ಮುಚ್ಚಿಹೋಗುತ್ತದೆ. ಕಚ್ಚತೀವು ನಾಳೆಯೇ ವಾಪಸ್ ಬಂದರೂ ಮೀನುಗಾರರ ಸಮಸ್ಯೆ ಬಗೆಹರಿಯುವುದಿಲ್ಲ. ದೊಡ್ಡ ಬಲೆ ಎಳೆಯುವ ನಮ್ಮ ಯಂತ್ರದೋಣಿಗಳು, ಅಂದರೆ ಟ್ರಾಲರ್‌ಗಳು ಹೋಗುವುದು ಕಚ್ಚತೀವಿಗಿಂತ ಬಹಳ ಮುಂದಕ್ಕೆ, ನೆಡುಂತೀವು ದ್ವೀಪ ದಾಟಿ ಜಾಫ್ನಾ ತೀರದ ಹತ್ತಿರಕ್ಕೆ. ಏಕೆಂದರೆ ಮೀನು ಇರುವುದು ಅಲ್ಲಿ.

ಭಾರತದ ಕಡೆ ಮೀನು ಯಾಕಿಲ್ಲ? ಸ್ವಾತಂತ್ರ್ಯದ ನಂತರ ನಾರ್ವೆ ನೆರವಿನಿಂದ ಕೇರಳದಲ್ಲಿ ಶುರುವಾದ ಯಾಂತ್ರೀಕರಣ ಇಡೀ ತೀರಕ್ಕೆ ಹಬ್ಬಿತು. ಸಿಗಡಿ ರಫ್ತಿನಲ್ಲಿ ದುಡ್ಡು ಬಂತು. ಸರ್ಕಾರವೇ ಸಬ್ಸಿಡಿ ಕೊಟ್ಟು ಟ್ರಾಲರ್ ಹೆಚ್ಚಿಸಿತು. ಟ್ರಾಲ್ ಬಲೆಯ ಬಾಯಿ ಅಗಲವಾಗಿರಲು ಎರಡು ಬದಿಗೆ ಭಾರದ ಹಲಗೆ, ಕೆಳಗೆ ಸರಪಳಿ. ದೋಣಿ ಎಳೆದಂತೆ ಅದು ಕಡಲ ತಳವನ್ನು ಹೊಲಕ್ಕೆ ಕುಂಟೆ ಹೊಡೆದ ಹಾಗೆ ಕೆರೆಯುತ್ತದೆ. ಸಿಗಡಿಯ ಜೊತೆ ಮರಿ, ಮೊಟ್ಟೆ, ಕಡಲ ಹುಲ್ಲು, ಹವಳದ ಚೂರು ಎಲ್ಲ ಬರುತ್ತದೆ. ಭಾರತ, ಲಂಕಾ ನಡುವಿನ ಈ ಪಾಕ್ ಕೊಲ್ಲಿ ಆಳವಿಲ್ಲದ ಕಡಲು. ಕೆಲವೇ ದಶಕದಲ್ಲಿ ನಮ್ಮ ಕಡೆ ಬರಿದಾಯಿತು.

ಆಚೆ ಕಡೆ ಯುದ್ಧ ನಡೆಯುತ್ತಿತ್ತು. ಲಂಕಾ ಸರ್ಕಾರ ಜಾಫ್ನಾ, ಮನ್ನಾರ್‌ನ ತಮಿಳು ಮೀನುಗಾರರನ್ನು ಕಡಲಿಗೆ ಬಿಡುತ್ತಿರಲಿಲ್ಲ. ಆ 25 ವರ್ಷ ಅಲ್ಲಿಯ ಮೀನು ಹಿಡಿದದ್ದು ನಮ್ಮ ಟ್ರಾಲರ್‌ಗಳು. ಅವರಿಗೂ ಸುಖವಿರಲಿಲ್ಲ, ಉಗ್ರರೆಂಬ ಅನುಮಾನದಲ್ಲಿ ಲಂಕಾ ನೌಕಾಪಡೆಯ ಗುಂಡಿಗೆ ಎಷ್ಟೋ ಜನ ಬಲಿಯಾದರು. 2009ರ ನಂತರ ಜಾಫ್ನಾದವರು ಸಣ್ಣ ಫೈಬರ್ ದೋಣಿ, ನೈಲಾನ್ ಬಲೆ ಹಿಡಿದು ಮತ್ತೆ ಕಡಲಿಗೆ ಇಳಿದರು. ಸಂಜೆ ಬಲೆ ಬಿಟ್ಟು ಬೆಳಗ್ಗೆ ಎತ್ತುವುದು ಅವರ ರೂಢಿ. ರಾತ್ರಿ ಟ್ರಾಲರ್ ಹಾದುಹೋದರೆ ಆ ಬಲೆ ಚಿಂದಿ. ಸಾಲ ಮಾಡಿ ತಂದ ಬಲೆ ಒಂದೇ ರಾತ್ರಿಯಲ್ಲಿ ಹೋಗುತ್ತದೆ. ರಾಮೇಶ್ವರದ ಟ್ರಾಲರ್‌ಗಳು ವಾರಕ್ಕೆ ಮೂರು ದಿನ ಕಡಲಿಗೆ ಇಳಿಯುತ್ತವೆ, ಉಳಿದ ದಿನ ನಾಡದೋಣಿಗಳಿಗೆ. ಹಾಗಾಗಿ ಯಾವ ರಾತ್ರಿ ಮನೆಯಲ್ಲೇ ಇರಬೇಕು ಅನ್ನುವುದನ್ನು ಜಾಫ್ನಾದವರು ರಾಮೇಶ್ವರದ ವಾರದ ಲೆಕ್ಕ ನೋಡಿ ತೀರ್ಮಾನಿಸುತ್ತಾರೆ.

ಎರಡೂ ಕಡೆ ತಮಿಳರೇ, ಎರಡೂ ಕಡೆ ಬಡವರೇ. ಟ್ರಾಲರಿನ ಮೇಲೆ ಇರುವವನೂ ಮಾಲೀಕನಲ್ಲ, ದಿನಗೂಲಿಯವನು. ಅವನು ಜೈಲಿಗೆ ಹೋದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. 2017ರಲ್ಲಿ ಲಂಕಾ ತಳ ಕೆರೆಯುವ ಟ್ರಾಲಿಂಗ್ ನಿಷೇಧಿಸಿತು, 2018ರಲ್ಲಿ ವಿದೇಶಿ ದೋಣಿಗಳ ದಂಡ ಹೆಚ್ಚಿಸಿತು. 2024 ಒಂದೇ ವರ್ಷದಲ್ಲಿ 500ಕ್ಕೂ ಹೆಚ್ಚು ಭಾರತೀಯ ಮೀನುಗಾರರನ್ನು ಹಿಡಿಯಿತು. ಚೆನ್ನೈನಿಂದ ಪತ್ರ, ದೆಹಲಿಯಿಂದ ಮಾತು, ಕೆಲವು ವಾರದಲ್ಲಿ ಬಿಡುಗಡೆ, ಮತ್ತೆ ಬಂಧನ. ಹಿಡಿದ ದೋಣಿಗಳು ಮಾತ್ರ ಬಹುಪಾಲು ವಾಪಸ್ ಬರುವುದಿಲ್ಲ.

ಭಾರತ 2017ರಲ್ಲಿ ಒಂದು ಯೋಜನೆ ತಂದಿತು. ಪಾಕ್ ಕೊಲ್ಲಿಯ 2,000 ಟ್ರಾಲರ್‌ಗಳ ಬದಲು ಆಳ ಸಮುದ್ರದ ದೋಣಿ ಕೊಡುವುದು. ದೋಣಿಯೊಂದಕ್ಕೆ 80 ಲಕ್ಷ ರೂಪಾಯಿ. ಅರ್ಧ ಕೇಂದ್ರ, ಐದನೇ ಒಂದು ಪಾಲು ರಾಜ್ಯ, ಉಳಿದದ್ದು ಮೀನುಗಾರನ ದುಡ್ಡು ಮತ್ತು ಬ್ಯಾಂಕ್ ಸಾಲ. ತೆಗೆದುಕೊಂಡವರು ಬಹಳ ಕಡಿಮೆ. ಸಂಜೆ ಹೋಗಿ ಬೆಳಗ್ಗೆ ಬರುವವರಿಗೆ ವಾರಗಟ್ಟಲೆ ಆಳ ಸಮುದ್ರದಲ್ಲಿ ಇರುವ ಕೆಲಸವೇ ಬೇರೆ. ಅವರ ಬಂದರುಗಳಲ್ಲಿ ಅಷ್ಟು ದೊಡ್ಡ ದೋಣಿಗೆ ಆಳವೂ ಸಾಲದು. ಮೊದಲೇ ಅವರನ್ನು ಕೇಳಿದ್ದರೆ ಇದನ್ನು ಅವರೇ ಹೇಳುತ್ತಿದ್ದರು.

ಹಾಗೆ ನೋಡಿದರೆ ಮೀನುಗಾರರು ತಾವಾಗಿಯೇ ಮಾತಾಡಿಕೊಂಡಿದ್ದಾರೆ. 2010ರ ಆಗಸ್ಟ್‌ನಲ್ಲಿ ಎರಡೂ ತೀರದವರು ಕೂತು ಒಂದು ತಿಳುವಳಿಕೆಗೆ ಬಂದರು. ಲಂಕಾ ನೀರಿನಲ್ಲಿ ಟ್ರಾಲಿಂಗ್ ಒಂದು ವರ್ಷದೊಳಗೆ ನಿಲ್ಲಬೇಕು, ಅಲ್ಲಿಯವರೆಗೆ ಕೆಲವೇ ದಿನ, ತೀರದಿಂದ ದೂರದಲ್ಲಿ ಮಾತ್ರ ಎಂದು. ಸರ್ಕಾರಗಳ ಮುದ್ರೆ ಅದಕ್ಕೆ ಬೀಳಲಿಲ್ಲ. 2016ರಲ್ಲಿ ಸರ್ಕಾರಗಳು ಜಂಟಿ ಕಾರ್ಯಕಾರಿ ಗುಂಪು ಮಾಡಿದವು. 2025ರ ಮಾರ್ಚ್‌ನಲ್ಲಿ ವವುನಿಯಾದಲ್ಲಿ ಮೀನುಗಾರರು ಮತ್ತೆ ಎದುರುಬದುರು ಕೂತರು.

ಟ್ರಾಲಿಂಗ್ ಮೊದಲು ನಿಲ್ಲಲಿ ಅನ್ನುವುದು ಜಾಫ್ನಾದವರ ಪಟ್ಟು. ಬದಲಿ ದಾರಿ ಮತ್ತು ಸಮಯ ಬೇಕು ಅನ್ನುವುದು ರಾಮೇಶ್ವರದವರ ಮಾತು. ಎರಡೂ ನಡೆಯಬೇಕಾದರೆ ಟ್ರಾಲರ್‌ಗಳನ್ನು ಸರ್ಕಾರವೇ ನ್ಯಾಯವಾದ ಬೆಲೆಗೆ ಕೊಂಡು ಕಡಲಿನಿಂದ ತೆಗೆಯಬೇಕು, ಕೂಲಿಯವರಿಗೆ ಬೇರೆ ಕೆಲಸ ಕೊಡಬೇಕು. ದೋಣಿಗೆ 80 ಲಕ್ಷದಂತೆ ಲೆಕ್ಕ ಹಾಕಿದರೂ 2,000 ದೋಣಿಗೆ 1,600 ಕೋಟಿ ರೂಪಾಯಿ. 2022ರಲ್ಲಿ ಲಂಕಾಕ್ಕೆ ಕೊಟ್ಟದ್ದರ ಹೆಚ್ಚಿನ ಪಾಲು ಸಾಲ, ಇದು ಕೈಬಿಟ್ಟು ಹೋಗುವ ಖರ್ಚು, ನಿಜ. ಆದರೂ ಆಗಿನ 400 ಕೋಟಿ ಡಾಲರಿನ ಎದುರು ಇದು ಸುಮಾರು ಇಪ್ಪತ್ತರಲ್ಲಿ ಒಂದು ಪಾಲು. ನೆರೆಯ ದೇಶಕ್ಕೆ ಅಷ್ಟು ಮಾಡಿದ ಸರ್ಕಾರ ತನ್ನದೇ ತೀರದವರಿಗೆ ಇಷ್ಟು ಮಾಡಬಲ್ಲದು.